ರೋಗಿಗಳ ಮತ್ತು ಹಿರಿಯರ ಮುಂದೆ ಎಳೆಯ ನರ್ತಕರು: ಮೊದಲ ಮಾತುಕತೆಯಿಂದ ಎರಡನೆಯ ಭೇಟಿಯವರೆಗೆ

ನೃತ್ಯ ಕಲಿಯುತ್ತಿರುವ ಮಕ್ಕಳನ್ನು ಆಸ್ಪತ್ರೆಗೋ ಹಿರಿಯರ ಆರೈಕೆ ಕೇಂದ್ರಕ್ಕೋ ಕರೆದೊಯ್ದು ಕಾರ್ಯಕ್ರಮ ಕೊಡಿಸಬೇಕೆಂದು ಹೊರಡುವ ಶಿಕ್ಷಕರು ಬಹುಮಟ್ಟಿಗೆ ಮಾಡುವುದೇನೆಂದರೆ, ವಾರ್ಷಿಕೋತ್ಸವಕ್ಕೆಂದು ಕಲಿಸಿದ್ದ ನೃತ್ಯಗಳಲ್ಲಿ ನಾಲ್ಕೈದನ್ನು ಆರಿಸಿಕೊಂಡು, ಅದೇ ಉಡುಪಿನಲ್ಲಿ, ಅದೇ ಧ್ವನಿಮುದ್ರಿಕೆಯೊಂದಿಗೆ, ಅದೇ ಕ್ರಮದಲ್ಲಿ ಒಪ್ಪಿಸಿ ಬರುವುದು. ಮೊದಲ ಸಲ ನಾನು ಮಾಡಿದ್ದೂ ಅದನ್ನೇ. ಎರಡನೆಯ ನೃತ್ಯ ಮುಗಿಯುವ ಮೊದಲೇ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎರಡೂ ಕಿವಿಗಳ ಶ್ರವಣ ಸಾಧನಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಮಕ್ಕಳು ನೆಲದ ಮೇಲೆ ಕುಳಿತು ಮಾಡಿದ ಮೂರನೆಯ ನೃತ್ಯ ಹಿಂದಿನ ಸಾಲುಗಳ ಗಾಲಿಕುರ್ಚಿಗಳಲ್ಲಿದ್ದ ಯಾರಿಗೂ ಕಾಣಲೇ ಇಲ್ಲ. ಮಕ್ಕಳು ಎಲ್ಲಿಯೂ ತಪ್ಪಿರಲಿಲ್ಲ. ರಂಗಮಂದಿರಕ್ಕಾಗಿ ಕಟ್ಟಿದ್ದನ್ನು ಊಟದ ಕೋಣೆಯೊಳಗೆ ತುರುಕಿದ ತಪ್ಪು ನನ್ನದಾಗಿತ್ತು.

ಮುಂದಿನ ಸಲಹೆಗಳೆಲ್ಲವೂ ಆ ದಿನ ಕಲಿತ ಪಾಠದಿಂದಲೇ ಹೊರಟವು. ಸಂಗೀತ, ಉಡುಪು, ಹೆಜ್ಜೆ, ಅವಧಿ, ಮಕ್ಕಳ ತಯಾರಿ, ಇವುಗಳಲ್ಲಿ ಯಾವುದನ್ನು ತೀರ್ಮಾನಿಸುವಾಗಲೂ ನೋಡುವವರ ಕುರ್ಚಿಯಲ್ಲಿ ಅಥವಾ ಹಾಸಿಗೆಯಲ್ಲಿ ನಾವೇ ಇದ್ದರೆ ಹೇಗಿರುತ್ತದೆ ಎಂದು ಮೊದಲು ಕೇಳಿಕೊಳ್ಳಬೇಕು.

ನಾವು ಹೋಗುತ್ತಿರುವುದು ಯಾತಕ್ಕೆ

ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಿಲ್ಲದೆ ಕೇಂದ್ರದವರೊಂದಿಗೆ ಮಾತುಕತೆ ಆರಂಭಿಸಬಾರದು, ಏಕೆಂದರೆ ಉತ್ಸಾಹದಲ್ಲಿ ನಾವು ಕೊಡುವ ಭರವಸೆಗಳು ಸುಲಭವಾಗಿ ಅಳತೆ ಮೀರುತ್ತವೆ. ನೃತ್ಯ ಚಿಕಿತ್ಸೆ ಎಂಬುದು ಪ್ರತ್ಯೇಕ ವೃತ್ತಿ. ಮೇರಿಯನ್ ಚೇಸ್ ಎಂಬ ನರ್ತಕಿ 1942ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಆರಂಭಿಸಿದರು; 1966ರಲ್ಲಿ ಅಮೆರಿಕದಲ್ಲಿ ಆ ವೃತ್ತಿಯವರ ಸಂಘ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರೂ ಅವರೇ ಆದರು. ಮೈ ನಡುಗಿಸಿ ಚಲನೆಯನ್ನು ನಿಧಾನಗೊಳಿಸುವ ಪಾರ್ಕಿನ್ಸನ್ ಕಾಯಿಲೆಯವರಿಗಾಗಿ ಬ್ರೂಕ್ಲಿನ್ನಿನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡ 2001ರಲ್ಲಿ ಆರಂಭಿಸಿದ ತರಗತಿಗಳಲ್ಲಿ ರೋಗಿಗಳು ತಾವೇ ನರ್ತಿಸುತ್ತಾರೆ. ಮಕ್ಕಳ ತಂಡವೊಂದು ಮುಕ್ಕಾಲು ಗಂಟೆ ನರ್ತಿಸಿ ಬರುವುದು ಇವೆರಡರಲ್ಲಿ ಯಾವುದೂ ಅಲ್ಲ. ಕಲೆಗೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2019ರಲ್ಲಿ ಪ್ರಕಟಿಸಿದ ಅವಲೋಕನ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ರೋಗ ತಡೆಯುವುದರಲ್ಲಿಯೂ ಆರೈಕೆಯಲ್ಲಿಯೂ ಕಲೆಗಳಿಗೆ ಪಾತ್ರವಿದೆ ಎಂದಿರುವುದು ನಿಜ. ಆದರೆ ನೃತ್ಯದ ಮಟ್ಟಿಗೆ ಬಹುತೇಕ ಫಲಿತಾಂಶಗಳು ವಾರವಾರವೂ ನರ್ತಿಸಿದವರ ಮೇಲೆ ಕಂಡವು; ಒಂದು ಮಧ್ಯಾಹ್ನ ಕುಳಿತು ನೋಡಿದವರ ಮಾತು ಬೇರೆ. ಆದ್ದರಿಂದ ಪತ್ರದಲ್ಲಿ ‘ಗುಣಪಡಿಸುವ ನೃತ್ಯ’ ಎಂಬಂತಹ ಮಾತುಗಳನ್ನು ಬರೆಯಬೇಡಿ. ಎಳೆಯ ಮುಖಗಳು, ಪರಿಚಿತ ರಾಗ, ಮಾತಿಗೊಂದು ನೆಪ, ದಿನಚರಿಯಲ್ಲಿ ಒಂದು ಬದಲಾವಣೆ, ಇಷ್ಟನ್ನು ಮಾತ್ರ ನಾವು ಪ್ರಾಮಾಣಿಕವಾಗಿ ಕೊಡಬಲ್ಲೆವು, ಮತ್ತು ಇದೇನೂ ಸಣ್ಣದಲ್ಲ.

ಮೊದಲ ಮಾತುಕತೆ ಮತ್ತು ಸ್ಥಳ ಪರಿಶೀಲನೆ

ಕೇಂದ್ರದ ಮುಖ್ಯಸ್ಥರ ಅನುಮತಿ ಬೇಕೇ ಬೇಕು. ಆದರೆ ನಿಮಗೆ ನಿಜವಾಗಿ ಉಪಯೋಗವಾಗುವ ಮಾಹಿತಿ ಇರುವುದು ದಿನವಿಡೀ ನಿವಾಸಿಗಳ ಜೊತೆಯಲ್ಲಿರುವ ನರ್ಸುಗಳ, ಆರೈಕೆದಾರರ ಮತ್ತು ಚಟುವಟಿಕೆಗಳನ್ನು ನೋಡಿಕೊಳ್ಳುವವರ ಬಳಿ. ಅವರೊಂದಿಗೆ ಅರ್ಧ ಗಂಟೆ ಮಾತನಾಡುವ ಅವಕಾಶ ಕೇಳಿ ಪಡೆಯಿರಿ. ನೋಡಲು ಬರುವವರು ಎಷ್ಟು ಜನ, ಅವರಲ್ಲಿ ಗಾಲಿಕುರ್ಚಿಯಲ್ಲಿರುವವರು ಎಷ್ಟು, ಒರಗು ಹಾಸಿಗೆಯಲ್ಲಿ ಬರುವವರಿದ್ದಾರೆಯೇ, ಆಮ್ಲಜನಕದ ನಳಿಕೆ ಹಾಕಿಕೊಂಡವರು ಯಾರಾದರೂ ಇದ್ದಾರೆಯೇ, ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುವ ಕಾಯಿಲೆ) ಇರುವವರು ಎಷ್ಟು ಮಂದಿ ಎಂದು ಕೇಳಿ. ಹೆಸರುಗಳನ್ನು, ಯಾರಿಗೆ ಯಾವ ಕಾಯಿಲೆ ಎಂಬುದನ್ನು ಕೇಳಬೇಡಿ. ಅದು ಅವರ ಖಾಸಗಿ ವಿಷಯ. ನಮಗೆ ಸಂಖ್ಯೆ ಮತ್ತು ಸ್ವರೂಪ ತಿಳಿದರೆ ಸಾಕು.

ವೇಳೆಯನ್ನು ಅವರೇ ಹೇಳಲಿ. ಊಟ, ಔಷಧ, ಸ್ನಾನ, ವೈದ್ಯರ ಭೇಟಿ, ಮಧ್ಯಾಹ್ನದ ನಿದ್ರೆ, ಸಂದರ್ಶಕರ ಸಮಯ ಇವುಗಳ ನಡುವೆ ಖಾಲಿ ಉಳಿಯುವುದು ಸಾಮಾನ್ಯವಾಗಿ ಬೆಳಗಿನ ಉಪಾಹಾರದ ನಂತರದ ಒಂದೂವರೆ ಗಂಟೆ ಅಥವಾ ನಿದ್ರೆ ಮುಗಿದ ಮೇಲಿನ ಒಂದು ಗಂಟೆ. ಡಿಮೆನ್ಷಿಯಾ ಇರುವವರಲ್ಲಿ ಹಲವರಿಗೆ ಸಂಜೆಗತ್ತಲಾಗುತ್ತಿದ್ದಂತೆ ಗೊಂದಲವೂ ಚಡಪಡಿಕೆಯೂ ಹೆಚ್ಚಾಗುತ್ತವೆ. ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಅನುಕೂಲವೆಂದು ಸಂಜೆ ಆರು ಗಂಟೆಯನ್ನು ಕೇಳುವುದು ಆ ಕಾರಣಕ್ಕೆ ಒಳ್ಳೆಯ ಆಯ್ಕೆಯಲ್ಲ. ರಜೆಯ ದಿನದ ಬೆಳಗ್ಗೆ ಹತ್ತೂವರೆ ನನಗೆ ಸರಿಬಂದ ಸಮಯ.

ಆಮೇಲೆ ಅಳತೆಪಟ್ಟಿ ಹಿಡಿದು ಜಾಗ ನೋಡಿ. ಗಾಲಿಕುರ್ಚಿಯೊಂದು ಪೂರ್ತಿ ಸುತ್ತು ತಿರುಗಲು ಸುಮಾರು 150 ಸೆಂಟಿಮೀಟರ್ ವ್ಯಾಸದ ಜಾಗ ಬೇಕು. ಹದಿನೈದು ಗಾಲಿಕುರ್ಚಿಗಳು ಬಂದು ಕುಳಿತ ಮೇಲೆ ಖಾಲಿ ಕಂಡಿದ್ದ ಹಾಲಿನಲ್ಲಿ ನರ್ತಕರಿಗೆ ಉಳಿಯುವುದು ಎಷ್ಟೋ ಸಲ ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಆಳ ಮಾತ್ರ. ಬಾಗಿಲುಗಳನ್ನೂ ನಿರ್ಗಮನ ದಾರಿಗಳನ್ನೂ ಮುಚ್ಚುವಂತಿಲ್ಲ. ಮೊದಲ ಸಾಲಿಗೂ ನರ್ತಕರಿಗೂ ನಡುವೆ ಒಂದೂವರೆಯಿಂದ ಎರಡು ಮೀಟರ್ ಅಂತರವಿರಲಿ. ಚಾಚಿದ ಕಾಲಿಗೆ, ಆಮ್ಲಜನಕದ ನಳಿಕೆಗೆ ಅಥವಾ ಮೂತ್ರದ ಚೀಲಕ್ಕೆ ಯಾರೂ ಎಡವಬಾರದು. ನೇರ ಸಾಲುಗಳಿಗಿಂತ ಅರ್ಧವೃತ್ತವಾಗಿ ಕೂರಿಸುವುದು ಒಳ್ಳೆಯದು. ನೆಲ ಯಾವುದೆಂದು ಕೈಯಿಂದ ಮುಟ್ಟಿ ನೋಡಿ. ಟೈಲ್ಸ್ ಅಥವಾ ವಿನೈಲ್ ಹಾಳೆಯ ಕೆಳಗೆ ಕಾಂಕ್ರೀಟ್ ಇರುತ್ತದೆ, ನೃತ್ಯಶಾಲೆಯ ಮರದ ನೆಲದಂತೆ ಅದು ಹೊಡೆತವನ್ನು ಹೀರಿಕೊಳ್ಳುವುದಿಲ್ಲ. ಕೊನೆಯದಾಗಿ, ಒಂದು ಕುರ್ಚಿಯನ್ನು ಹಿಂದಿನ ಮೂಲೆಗೆ ಎಳೆದುಕೊಂಡು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಏನು ಕಾಣುತ್ತದೆ, ಕಿಟಕಿಯ ಬೆಳಕು ಎಲ್ಲಿಂದ ಕಣ್ಣಿಗೆ ಹೊಡೆಯುತ್ತದೆ, ಹವಾನಿಯಂತ್ರಕದ ಸದ್ದು ಎಷ್ಟಿದೆ ಎಂಬುದೆಲ್ಲ ಆ ಐದು ನಿಮಿಷಗಳಲ್ಲಿ ತಿಳಿಯುತ್ತದೆ. ಕಿಟಕಿಗೆ ಬೆನ್ನುಮಾಡಿ ನಿಂತ ನರ್ತಕರು ನೋಡುವವರಿಗೆ ಬರೀ ಕಪ್ಪು ಆಕೃತಿಗಳಾಗಿ ಕಾಣುತ್ತಾರೆ. ಆದ್ದರಿಂದ ಕಿಟಕಿ ಪ್ರೇಕ್ಷಕರ ಹಿಂದೆ ಅಥವಾ ಪಕ್ಕದಲ್ಲಿರುವಂತೆ ದಿಕ್ಕನ್ನು ಆರಿಸಿ.

ಸೋಂಕು ತಡೆಯುವ ನಿಯಮಗಳಲ್ಲಿ ರಿಯಾಯಿತಿ ಇಲ್ಲ

ಮಕ್ಕಳಿಗೆ ಮೂರು ದಿನದ ನೆಗಡಿಯಾಗಿ ಹೋಗುವುದು ದುರ್ಬಲ ಶ್ವಾಸಕೋಶದ ವೃದ್ಧರಿಗೆ ನ್ಯುಮೋನಿಯಾ ಆಗಬಹುದು. ಫ್ಲೂ ಬಂದವರು ಲಕ್ಷಣ ಕಾಣಿಸುವ ಒಂದು ದಿನ ಮೊದಲಿನಿಂದಲೇ ಸೋಂಕನ್ನು ಹರಡಬಲ್ಲರು. ಮಕ್ಕಳಲ್ಲಿ ಆ ಅವಧಿ ದೊಡ್ಡವರಿಗಿಂತ ಹೆಚ್ಚು. ವಾಂತಿ ಅಥವಾ ಭೇದಿ ಆದ ಮಗು, ಅದು ಪೂರ್ತಿ ನಿಂತ ಮೇಲೆ ಕನಿಷ್ಠ 48 ಗಂಟೆ ಕಳೆಯದೆ ಬರಬಾರದು. ಚಿಕನ್‌ಪಾಕ್ಸ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಸೋಂಕು ತಗುಲಿದ 10ರಿಂದ 21 ದಿನಗಳೊಳಗೆ ಗುಳ್ಳೆಗಳು ಏಳುತ್ತವೆ, ಏಳುವ ಒಂದೆರಡು ದಿನ ಮೊದಲೇ ಅದು ಇತರರಿಗೆ ಹರಡುತ್ತದೆ. ಲಸಿಕೆ ಪಡೆಯದ, ಹಿಂದೆ ಆ ಕಾಯಿಲೆ ಬಾರದ ಮಗುವಿನ ಸಹಪಾಠಿಗೆ ಚಿಕನ್‌ಪಾಕ್ಸ್ ಬಂದಿದ್ದರೆ ಆ ಮಗುವನ್ನು ಮೂರು ವಾರ ಇಂತಹ ಕಡೆ ಕರೆದೊಯ್ಯಬಾರದು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳ ವಾರ್ಡಿನಲ್ಲಿ ಇದು ಜೀವಕ್ಕೆ ಸಂಬಂಧಿಸಿದ ಮಾತು.

ಹೊರಡುವ ದಿನ ಬೆಳಗ್ಗೆ ಪ್ರತಿ ಪೋಷಕರಿಗೂ ಫೋನ್ ಮಾಡಿ ಜ್ವರ, ಕೆಮ್ಮು, ಗಂಟಲು ನೋವು, ಭೇದಿ, ಚರ್ಮದ ಗುಳ್ಳೆ ಎಂದು ಒಂದೊಂದಾಗಿ ಕೇಳಿ. ‘ಎಲ್ಲರೂ ಆರೋಗ್ಯವಾಗಿದ್ದಾರೆಯೇ’ ಎಂದು ಒಟ್ಟಾಗಿ ಕೇಳಿದರೆ ಎಲ್ಲರೂ ಹೌದೆಂದೇ ಹೇಳುತ್ತಾರೆ, ಏಕೆಂದರೆ ಮಗಳು ಅಷ್ಟು ದಿನ ತಾಲೀಮು ಮಾಡಿರುತ್ತಾಳೆ. ಪ್ರತಿ ಪಾತ್ರಕ್ಕೂ ಬದಲಿ ಇರುವಂತೆ ಅಥವಾ ಒಬ್ಬರು ಕಡಿಮೆಯಾದರೂ ನೃತ್ಯ ನಿಲ್ಲದಂತೆ ಮೊದಲೇ ರಚಿಸಿಕೊಂಡಿದ್ದರೆ, ಕೆಮ್ಮುತ್ತಿರುವ ಮಗುವನ್ನು ಮನೆಯಲ್ಲೇ ಬಿಡುವ ಧೈರ್ಯ ನಿಮಗೂ ಇರುತ್ತದೆ.

ಒಳಗೆ ಹೋಗುವಾಗ ಮತ್ತು ಹೊರಗೆ ಬರುವಾಗ ಕೈ ಶುಚಿಗೊಳಿಸಬೇಕು: ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಉಜ್ಜಬೇಕು; ಸೋಪು ನೀರಾದರೆ ಒದ್ದೆ ಮಾಡುವುದರಿಂದ ಒರೆಸುವವರೆಗೆ ಒಟ್ಟು 40ರಿಂದ 60 ಸೆಕೆಂಡು. ಭೇದಿ ಉಂಟುಮಾಡುವ ಕೆಲವು ರೋಗಾಣುಗಳ ಮೇಲೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲವಾದ್ದರಿಂದ ಶೌಚಾಲಯಕ್ಕೆ ಹೋಗಿಬಂದವರು ಸೋಪನ್ನೇ ಬಳಸಬೇಕು. ಬರಿಗಾಲಿನಲ್ಲಿ ನರ್ತಿಸುವ ಶೈಲಿಯವರು ಆಸ್ಪತ್ರೆಯ ನೆಲದ ಮೇಲೆ ಮೃದುವಾದ ನೃತ್ಯದ ಷೂ ಹಾಕಿಕೊಳ್ಳುವುದೇ ಸರಿ. ಸಂಪ್ರದಾಯ ಒಪ್ಪದೆ ಹೋದರೆ ಉರುಳಿಸಿ ಹಾಸಬಹುದಾದ ನೃತ್ಯದ ನೆಲಹಾಸನ್ನು ಒಯ್ಯಿರಿ, ಅದರ ಅಂಚನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ.

ನೃತ್ಯವನ್ನು ಮತ್ತೆ ಕಟ್ಟುವುದು

ಹೆಚ್ಚಿನ ಶ್ರಮ ಬೇಕಾದದ್ದು ಇಲ್ಲಿ. ಕುಳಿತವರ ಕಣ್ಣು ನೆಲದಿಂದ ಸುಮಾರು 110ರಿಂದ 120 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಬೆನ್ನು ಬಾಗಿದವರದು ಇನ್ನೂ ಕೆಳಗೆ. ಅವರ ಮುಂದೆ ಮತ್ತೊಬ್ಬರ ತಲೆ ಇದ್ದರೆ ನರ್ತಕರ ಸೊಂಟದ ಕೆಳಗಿನ ಚಲನೆ ಅವರ ಪಾಲಿಗೆ ಇಲ್ಲ. ಕಾಲಿನ ಸೂಕ್ಷ್ಮ ಕೆಲಸವನ್ನೇ ನೆಚ್ಚಿಕೊಂಡ ನೃತ್ಯಗಳನ್ನು ಬಿಟ್ಟು ಕೈ, ಭುಜ, ಮುಖ, ಬಟ್ಟೆಯ ಬೀಸು ಇವುಗಳಿಂದ ಅರ್ಥ ಹೊರಡುವ ನೃತ್ಯಗಳನ್ನು ಆರಿಸಿ. ನೆಲದ ಮೇಲಿನ ಭಾಗಗಳನ್ನು ಎದ್ದುನಿಂತು ಮಾಡುವಂತೆ ಬದಲಿಸಿ. ನೆಗೆತಗಳನ್ನು ಕಾಲುಭಾಗಕ್ಕೆ ಇಳಿಸಿ. ಗಟ್ಟಿ ನೆಲದ ಮೇಲೆ ಎಳೆಯ ಮೊಣಕಾಲು ಮತ್ತು ಮುಂಗಾಲುಗಳಿಗೆ ಅದು ಕ್ಷೇಮವೂ ಹೌದು.

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಬಣ್ಣಗಳ ನಡುವಿನ ವ್ಯತ್ಯಾಸ ಮಸುಕಾಗುತ್ತದೆ. ನೀಲಿ, ನೇರಳೆ, ಕಡುಹಸಿರುಗಳು ಒಂದೇ ಬಗೆಯಾಗಿ ಕಾಣಬಹುದು. ಅಕ್ಷಿಪಟಲದ ಮಧ್ಯಭಾಗ ಸವೆದವರಿಗೆ ನೇರ ಮುಂದಿರುವುದು ಕಾಣದೆ ಅಂಚಿನದು ಕಾಣುತ್ತದೆ. ಗ್ಲಾಕೋಮಾ ಇರುವವರದು ಹೆಚ್ಚಾಗಿ ಇದಕ್ಕೆ ತಿರುಗುಮುರುಗು. ಪಾರ್ಶ್ವವಾಯು ಆದ ಕೆಲವರಿಗೆ ಒಂದು ಪಕ್ಕದ ಜಗತ್ತೇ ಗಮನಕ್ಕೆ ಬರುವುದಿಲ್ಲ. ಹೀಗಿರುವಾಗ ಪ್ರಧಾನ ನರ್ತಕಿ ನಡುವೆಯೇ ನಿಂತು ಇಡೀ ನೃತ್ಯ ಮುಗಿಸಿದರೆ ಹಲವರ ಪಾಲಿಗೆ ಆಕೆ ಬಂದೇ ಇರುವುದಿಲ್ಲ. ಮುಖ್ಯ ಚಲನೆಗಳನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಪುನರಾವರ್ತಿಸಿ. ಅರ್ಧವೃತ್ತದ ಅಂಚಿನುದ್ದಕ್ಕೂ ನಿಧಾನವಾಗಿ ಸಾಗುವ ಒಂದು ಭಾಗವನ್ನು ಪ್ರತಿ ನೃತ್ಯದಲ್ಲಿಯೂ ಸೇರಿಸಿ. ರಂಗದ ಮೇಲೆ ಪುನರಾವರ್ತನೆ ಬೇಸರ ತರಿಸಬಹುದು, ಇಲ್ಲಿ ಅದೇ ನೋಡುಗರನ್ನು ಜೊತೆಗೆ ಕರೆದೊಯ್ಯುತ್ತದೆ. ಮೂರನೆಯ ಸಲ ಅದೇ ಕೈಚಲನೆ ಬಂದಾಗ ಕುರ್ಚಿಯಲ್ಲಿದ್ದವರ ಬೆರಳುಗಳೂ ಎದ್ದಿರುತ್ತವೆ.

ಸಂಗೀತದ ಆಯ್ಕೆಯಲ್ಲಿ ಶಿಕ್ಷಕರು ಒಂದು ಲೆಕ್ಕ ತಪ್ಪುತ್ತಾರೆ. ‘ಹಳೆಯ ಹಾಡು’ ಎಂದು ನಾವು ಆರಿಸುವುದು ನಮಗೆ ಹಳೆಯದಾದದ್ದನ್ನು. ಮನುಷ್ಯರಿಗೆ ಗಾಢವಾಗಿ ನೆನಪಿನಲ್ಲಿ ಉಳಿಯುವುದು ಹೆಚ್ಚಾಗಿ ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಕೇಳಿದ್ದು, ಕಂಡದ್ದು. ಈಗ 80 ವರ್ಷದವರಾಗಿರುವವರಿಗೆ ಇಪ್ಪತ್ತಾಗಿದ್ದು 60 ವರ್ಷಗಳ ಹಿಂದೆ. ಮೂವತ್ತು ವರ್ಷ ಹಿಂದಿನ ಹಾಡು ಅವರಿಗೆ ಐವತ್ತರಲ್ಲಿ ಕೇಳಿದ ಹೊಸ ಹಾಡು. ಡಿಮೆನ್ಷಿಯಾ ಬಂದವರಲ್ಲಿಯೂ ಯೌವನದ ಹಾಡಿನ ನೆನಪು ಬಹುಕಾಲ ಉಳಿಯುವುದುಂಟು. ಕೇಂದ್ರದ ಸಿಬ್ಬಂದಿಯನ್ನು ಕೇಳಿ ನಿವಾಸಿಗಳ ಯೌವನದ ಎರಡು ಮೂರು ರಾಗಗಳನ್ನು ತಿಳಿದುಕೊಂಡು, ಮಕ್ಕಳಿಗೆ ಸರಳವಾದ ಹೆಜ್ಜೆಗಳಲ್ಲಿ ಕಲಿಸಿ. ಹಾಗೆಂದು ಇಡೀ ಕಾರ್ಯಕ್ರಮವೇ ನೆನಪುಗಳ ಮೆರವಣಿಗೆಯಾಗಬೇಕಿಲ್ಲ. ವಯಸ್ಸಾದವರಿಗೆ ಹೊಸದು ಬೇಡವೆಂದು ನಾವೇ ತೀರ್ಮಾನಿಸುವುದು ಅವರನ್ನು ಕೀಳುಗಾಣುವ ಇನ್ನೊಂದು ಬಗೆ. ಮಕ್ಕಳು ತಾವೇ ಪ್ರೀತಿಸುವ ಇಂದಿನ ನೃತ್ಯವೊಂದು ಇರಲಿ.

ಒಟ್ಟು ನೃತ್ಯದ ಅವಧಿ 30 ನಿಮಿಷ, ಹೆಚ್ಚೆಂದರೆ 40. ಒಂದೊಂದು ನೃತ್ಯವೂ ಮೂರು ನಾಲ್ಕು ನಿಮಿಷ. ನಡುವೆ ಒಂದು ಮಗು ಮುಂದೆ ಬಂದು, ನಿಧಾನವಾಗಿ, ಮುಖ ಎತ್ತಿ, ಎರಡೇ ವಾಕ್ಯಗಳಲ್ಲಿ ಮುಂದಿನದನ್ನು ಪರಿಚಯಿಸಲಿ. ಬಹಳ ದುಃಖದ ಕಥೆ, ಸಾವಿನ ದೃಶ್ಯ, ಹೊಡೆದಾಟ, ಇದ್ದಕ್ಕಿದ್ದಂತೆ ಕಿರುಚುವ ಸದ್ದು ಬೇಡ. ಕೊನೆಯಲ್ಲಿ ಹತ್ತು ನಿಮಿಷ ಕುಳಿತೇ ಮಾಡಬಹುದಾದ ಭಾಗವಿರಲಿ: ಕೈ ಬೀಸುವುದು, ತೊಡೆಯ ಮೇಲೆ ತಾಳ ಹಾಕುವುದು, ಹಗುರವಾದ ಬಟ್ಟೆಯ ತುಂಡನ್ನು ಮೇಲೆತ್ತುವುದು. ಎದ್ದುನಿಂತು ಬನ್ನಿ ಎಂದು ಯಾರನ್ನೂ ಕರೆಯಬಾರದು. ತಾವಾಗಿ ನಿಲ್ಲಬಯಸುವವರನ್ನು ಹಿಡಿದುಕೊಳ್ಳುವುದು ಸಿಬ್ಬಂದಿಯ ಕೆಲಸವೇ ಹೊರತು ಮಕ್ಕಳದ್ದಲ್ಲ, ನಿಮ್ಮದೂ ಅಲ್ಲ. ಪಾರ್ಶ್ವವಾಯುವಿನಿಂದ ದುರ್ಬಲವಾದ ತೋಳನ್ನು ಹಿಡಿದೆಳೆದರೆ ಭುಜದ ಕೀಲಿಗೆ ಪೆಟ್ಟಾಗುತ್ತದೆ.

ಸದ್ದು, ಬೆಳಕು, ಉಡುಪು

ಮುಪ್ಪಿನಲ್ಲಿ ಮೊದಲು ಕುಂದುವುದು ಎತ್ತರದ ಸ್ಥಾಯಿಯ ಶ್ರವಣ. ಸದ್ದನ್ನು ಹೆಚ್ಚಿಸಿದರೆ ಸ್ಪಷ್ಟತೆ ಹೆಚ್ಚುವುದಿಲ್ಲ; ಶ್ರವಣ ಸಾಧನ ಹಾಕಿದವರಿಗೆ ನೋವೇ ಹೆಚ್ಚು. ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆ. ಮೊದಲ ಸಾಲಿನಲ್ಲಿ 70ರ ಆಸುಪಾಸಿನಲ್ಲಿ ನಿಲ್ಲಿಸುವುದು ನಾನು ಪಾಲಿಸುವ ನಿಯಮ. ಮೊಬೈಲಿನ ಸರಳ ಅಳತೆ ಆ್ಯಪ್ ಅಂದಾಜಿಗೆ ಸಾಕು. ದೊಡ್ಡ ಸ್ಪೀಕರ್ ಒಂದನ್ನು ಮುಂದೆ ಇಡುವುದಕ್ಕಿಂತ ಚಿಕ್ಕವು ಎರಡನ್ನು ಎರಡೂ ಬದಿ ಇಡುವುದು ಮೇಲು. ಆಸ್ಪತ್ರೆಯಲ್ಲಾದರೆ ಸದ್ದು ಇನ್ನೂ ಕಡಿಮೆಯಿರಬೇಕು, ಏಕೆಂದರೆ ಗೋಡೆಯಾಚೆ ಮಲಗಿದವರು ನಿಮ್ಮನ್ನು ಆಹ್ವಾನಿಸಿಲ್ಲ. ಗೆಜ್ಜೆಯಾಗಲಿ, ತಳಕ್ಕೆ ಲೋಹದ ತಗಡು ಹೊಡೆದ ಟ್ಯಾಪ್ ಷೂ ಆಗಲಿ ಗಟ್ಟಿ ನೆಲದ ಚಿಕ್ಕ ಕೋಣೆಯಲ್ಲಿ ನಾವು ಎಣಿಸುವುದಕ್ಕಿಂತ ಜೋರಾಗಿ ಕೇಳುತ್ತದೆ. ಅವನ್ನು ಒಂದೇ ನೃತ್ಯಕ್ಕೆ ಇಟ್ಟುಕೊಳ್ಳಿ, ಮೊದಲೇ ಹೇಳಿ.

ಮಿನುಗಿ ಆರುವ ದೀಪಗಳು ಅಪಸ್ಮಾರ ಇರುವವರಲ್ಲಿ ಕೆಲವರಿಗೆ ಸೆಳವು ತರಬಲ್ಲವು, ಅವನ್ನು ಒಯ್ಯಲೇಬೇಡಿ. ಕೋಣೆಯ ದೀಪಗಳನ್ನು ನಂದಿಸಬೇಡಿ. ಕತ್ತಲೆ ಗೊಂದಲವನ್ನೂ ಬೀಳುವ ಅಪಾಯವನ್ನೂ ಹೆಚ್ಚಿಸುತ್ತದೆ. ನೆಲಹಾಸು ಕಪ್ಪು ಬಣ್ಣದ್ದಾದರೆ ಡಿಮೆನ್ಷಿಯಾ ಇರುವ ಕೆಲವರಿಗೆ ಅದು ಗುಂಡಿಯಂತೆ ಕಾಣುತ್ತದೆ. ಆಮ್ಲಜನಕ ಬಳಸುವ ಕಡೆ ಬೆಂಕಿಯ ಪ್ರಶ್ನೆಯೇ ಇಲ್ಲ: ದೀಪ, ಮೇಣದಬತ್ತಿ, ಅಗರಬತ್ತಿ ಯಾವುದೂ ಬೇಡ. ಲ್ಯಾಟೆಕ್ಸ್ ಬಲೂನುಗಳನ್ನು ಹಲವು ಆಸ್ಪತ್ರೆಗಳು ಅಲರ್ಜಿಯ ಕಾರಣಕ್ಕೆ ಒಳಗೆ ಬಿಡುವುದಿಲ್ಲ.

ಉಡುಪಿನಲ್ಲಿ ಗಾಢ ಹಳದಿ, ಕೆಂಪು, ಕಿತ್ತಳೆ, ಬಿಳಿ ಚೆನ್ನಾಗಿ ಕಾಣುತ್ತವೆ. ಹಿಂದಿನ ಗೋಡೆಯ ಬಣ್ಣಕ್ಕೆ ಎದುರಾದದ್ದನ್ನು ಆರಿಸಿ. ಉದುರುವ ಚಮಕಿ, ಮಣಿ, ಗ್ಲಿಟರ್ ಬೇಡ. ನೆಲಕ್ಕೆ ಬಿದ್ದರೆ ಕಾಲು ಜಾರುತ್ತದೆ, ಯಾರಾದರೂ ಎತ್ತಿ ಬಾಯಿಗೆ ಹಾಕಿಕೊಳ್ಳಲೂಬಹುದು. ಮುಪ್ಪಿನ ಚರ್ಮ ಕಾಗದದಷ್ಟು ತೆಳು. ಕೈಕುಲುಕುವ ಮೊದಲು ಉಂಗುರ, ಚೂಪಾದ ಬಳೆಗಳನ್ನು ತೆಗೆದಿಡಬೇಕು. ಸುಗಂಧದ್ರವ್ಯ ಮತ್ತು ಹೇರ್‌ಸ್ಪ್ರೇ ಉಬ್ಬಸದವರಿಗೆ ಆಗದು. ಮುಖ ಪೂರ್ತಿ ಮುಚ್ಚುವ ಮುಖವಾಡಗಳನ್ನು ಬಿಟ್ಟುಬಿಡಿ, ಮಗುವಿನ ಮುಖ ನೋಡುವುದೇ ಇಲ್ಲಿ ಅರ್ಧ ಕಾರ್ಯಕ್ರಮ.

ಮಕ್ಕಳ ಮನಸ್ಸನ್ನು ಸಿದ್ಧಪಡಿಸುವುದು

ನೃತ್ಯದ ತಾಲೀಮಿನಷ್ಟೇ ಸಮಯವನ್ನು ಇದಕ್ಕೂ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಚಪ್ಪಾಳೆಯನ್ನೇ ಅಳತೆಗೋಲಾಗಿ ಬೆಳೆದ ಮಕ್ಕಳು ಇಲ್ಲಿ ಎದುರಿಸುವುದು ಮೌನವನ್ನು. ಪಾರ್ಕಿನ್ಸನ್ ಇರುವ ಹಲವರ ಮುಖದ ಸ್ನಾಯುಗಳು ಬಿಗಿದಿರುತ್ತವೆ. ಒಳಗೆ ಸಂತೋಷವಿದ್ದರೂ ಮುಖದಲ್ಲಿ ನಗು ಮೂಡುವುದಿಲ್ಲ. ಒಂದು ಕೈ ಸ್ವಾಧೀನದಲ್ಲಿಲ್ಲದವರು ಚಪ್ಪಾಳೆ ತಟ್ಟುವುದಾದರೂ ಹೇಗೆ? ಕೆಲವರು ನಿದ್ರೆ ಹೋಗುತ್ತಾರೆ, ಅದು ಔಷಧದ ಪರಿಣಾಮವಾಗಿರಬಹುದು. ಕೆಲವರು ಅಳುತ್ತಾರೆ, ಅಳು ಯಾವಾಗಲೂ ನೋವಲ್ಲ. ಇದನ್ನೆಲ್ಲ ಮೊದಲೇ ಹೇಳದೆ ಇದ್ದರೆ ಮಕ್ಕಳು ‘ನಮ್ಮ ನೃತ್ಯ ಅವರಿಗೆ ಇಷ್ಟವಾಗಲಿಲ್ಲ’ ಎಂದುಕೊಂಡು ಬರುತ್ತಾರೆ. ಪಾದದ ತುದಿಯಲ್ಲಿ ತಾಳ, ಬಟ್ಟೆಯ ಅಂಚಿನ ಮೇಲೆ ಆಡುವ ಬೆರಳು, ಇಲ್ಲಿಂದ ಅಲ್ಲಿಗೆ ಹಿಂಬಾಲಿಸುವ ಕಣ್ಣು, ಇವನ್ನು ಗುರುತಿಸಲು ಅವರಿಗೆ ಕಲಿಸಿ.

ತಾಲೀಮಿನಲ್ಲಿ ಅಡ್ಡಿಗಳನ್ನೂ ಸೇರಿಸಿ. ಒಬ್ಬರು ನಡುವೆ ಎದ್ದು ನರ್ತಕರ ಮಧ್ಯೆ ನಡೆದುಹೋಗಲಿ, ಒಬ್ಬರು ಜೋರಾಗಿ ಕೂಗಲಿ, ಯಂತ್ರದ ಎಚ್ಚರಿಕೆಯ ಸದ್ದು ಬಾರಿಸಲಿ, ಸಂಗೀತ ಅರ್ಧಕ್ಕೆ ನಿಲ್ಲಲಿ. ಎಡವಟ್ಟಾದಾಗ ನಗದೆ, ಗುರುವಿನ ಮುಖ ನೋಡದೆ, ನಿಂತಲ್ಲೇ ಸಣ್ಣ ಹೆಜ್ಜೆಯಲ್ಲಿ ಲಯ ಹಿಡಿದುಕೊಂಡು ಇರುವ ಅಭ್ಯಾಸ ಮಾಡಿಸಿ. ಒಂದು ತಾಲೀಮಿನಲ್ಲಿ ಅರ್ಧ ತಂಡ ಕುರ್ಚಿಗಳಲ್ಲಿ ಕುಳಿತು, ಕಿವಿಗೆ ಹತ್ತಿ, ಕಣ್ಣಿಗೆ ಮಸುಕಾದ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಉಳಿದರ್ಧವನ್ನು ನೋಡಲಿ. ಯಾವ ಉಪನ್ಯಾಸವೂ ಕೊಡದ ತಿಳಿವಳಿಕೆ ಅದರಿಂದ ಬರುತ್ತದೆ; ಮಕ್ಕಳೇ ಮುಂದೆ ಬಂದು ಚಲನೆಗಳನ್ನು ದೊಡ್ಡದು ಮಾಡುತ್ತಾರೆ.

ಮಾತಿನ ರೀತಿಯನ್ನೂ ಕಲಿಸಬೇಕು. ಎದುರಿನಿಂದ ಬರುವುದು, ಕಣ್ಣಿನ ಮಟ್ಟಕ್ಕೆ ಬಾಗುವುದು, ತನ್ನ ಹೆಸರು ಹೇಳುವುದು, ಕೈ ಚಾಚಿ ಕಾಯುವುದು. ಅವರು ಹಿಡಿದರೆ ಮಾತ್ರ ಹಿಡಿಯುವುದು. ‘ನನ್ನ ನೆನಪಿದೆಯಾ’ ಎಂಬ ಪ್ರಶ್ನೆ ಮರೆವಿರುವವರಿಗೆ ಪರೀಕ್ಷೆಯಂತೆ ತಗಲುತ್ತದೆ. ‘ನಿಮಗೆ ಯಾವ ಬಣ್ಣದ ಬಟ್ಟೆ ಹಿಡಿಸಿತು’ ಎಂದು ಕೇಳಿದರೆ ತಪ್ಪು ಉತ್ತರವೇ ಇಲ್ಲ. ಹಿರಿಯರು ಮಗುವನ್ನು ತಮ್ಮ ಮೊಮ್ಮಗಳೆಂದು ತಿಳಿದು ಕರೆದರೆ ತಿದ್ದುವ ಅಗತ್ಯವಿಲ್ಲ, ಹಾಗೆ ನಟಿಸುವ ಅಗತ್ಯವೂ ಇಲ್ಲ. ನಕ್ಕು ಮಾತು ಮುಂದುವರಿಸಿದರೆ ಸಾಕು. ಯಾರಾದರೂ ಬಿಗಿಯಾಗಿ ಹಿಡಿದುಕೊಂಡರೆ, ಮುಜುಗರವಾಗುವ ಮಾತಾಡಿದರೆ ಅಥವಾ ಮುಟ್ಟಿದರೆ, ಕೈ ಎತ್ತಿ ದೊಡ್ಡವರನ್ನು ಕರೆಯಬೇಕು, ಅದು ಅವಮರ್ಯಾದೆಯಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿರಬೇಕು. ಕೆಲವು ಕಾಯಿಲೆಗಳು ಸಂಕೋಚವನ್ನು ಅಳಿಸಿಬಿಡುತ್ತವೆ ಎಂದು ವಿವರಿಸಿ. ಆದರೆ ಆ ವಿವರಣೆ ಮಗು ಸಹಿಸಿಕೊಳ್ಳಬೇಕೆಂಬ ಅರ್ಥ ಕೊಡದಿರಲಿ.

ಯಾವ ಮಗುವೂ ಯಾವ ಕೋಣೆಯಲ್ಲಿಯೂ ಒಬ್ಬಂಟಿಯಾಗಿರಬಾರದು. ಐದಾರು ಮಕ್ಕಳಿಗೆ ಒಬ್ಬರಂತೆ ದೊಡ್ಡವರು, ಯಾವಾಗಲೂ ಕನಿಷ್ಠ ಇಬ್ಬರು. ಪೋಷಕರ ಒಪ್ಪಿಗೆ ಬರಹದಲ್ಲಿರಲಿ. ವಯಸ್ಸಿನ ಮಿತಿಯನ್ನು ಆಸ್ಪತ್ರೆ ಹೇಳುತ್ತದೆ. ಹೇಳದಿದ್ದರೆ, ಎಂಟು ವರ್ಷಕ್ಕಿಂತ ಚಿಕ್ಕವರನ್ನು ನಾನು ಕರೆದೊಯ್ಯುವುದಿಲ್ಲ, ಉಲ್ಬಣಿಸಿದ ಡಿಮೆನ್ಷಿಯಾ ಅಥವಾ ಕೊನೆಯ ದಿನಗಳ ಆರೈಕೆಯ ವಿಭಾಗಕ್ಕೆ ಹದಿನಾಲ್ಕರ ಕೆಳಗಿನವರನ್ನು ಕರೆದೊಯ್ಯುವುದಿಲ್ಲ. ಬರಲು ಹಿಂಜರಿಯುವ ಮಗುವನ್ನು ಒತ್ತಾಯಿಸಬೇಡಿ.

ಆ ದಿನ

ಮುಕ್ಕಾಲು ಗಂಟೆ ಮೊದಲೇ ತಲುಪಿ. ಬಟ್ಟೆ ಬದಲಿಸಲು ನಿವಾಸಿಗಳ ಶೌಚಾಲಯವನ್ನು ಆಕ್ರಮಿಸದೆ, ಸಾಧ್ಯವಾದರೆ ಉಡುಪು ಧರಿಸಿಯೇ ಬನ್ನಿ. ಆರೈಕೆ ಕೇಂದ್ರಗಳ ಕೋಣೆಗಳು ಬೆಚ್ಚಗಿರುತ್ತವೆ. ಮಕ್ಕಳಿಗೆ ನೀರು ಸಿದ್ಧವಿರಲಿ. ಮೈ ಬಿಸಿಮಾಡುವ ವ್ಯಾಯಾಮವನ್ನು ಎಂದಿಗಿಂತ ಐದು ನಿಮಿಷ ಹೆಚ್ಚು ಮಾಡಿಸಿ. ಗಾಲಿಕುರ್ಚಿಗಳನ್ನು ಸರಿಸುವುದು, ಬ್ರೇಕ್ ಹಾಕುವುದು ಸಿಬ್ಬಂದಿಯ ಕೈಯಲ್ಲೇ ಇರಲಿ. ಶ್ರವಣ ಸಾಧನ ಮತ್ತು ಕನ್ನಡಕಗಳನ್ನು ಎಲ್ಲರೂ ಹಾಕಿಕೊಂಡಿದ್ದಾರೆಯೇ ಎಂದು ಒಮ್ಮೆ ನೋಡುವಂತೆ ಅವರನ್ನು ಕೇಳಿಕೊಳ್ಳಿ. ಈ ಒಂದು ಕೋರಿಕೆಯಿಂದ ಎಷ್ಟೋ ಸಲ ಅರ್ಧ ಪ್ರೇಕ್ಷಕರು ‘ಹೊಸದಾಗಿ’ ಸಿಕ್ಕಿದ್ದಾರೆ.

ತಂಡದ ಒಬ್ಬ ದೊಡ್ಡವರು ನೃತ್ಯವನ್ನು ನೋಡದೆ ಪ್ರೇಕ್ಷಕರನ್ನು ಮಾತ್ರ ನೋಡುತ್ತಿರಬೇಕು. ಯಾರಾದರೂ ಕಿವಿ ಮುಚ್ಚಿಕೊಂಡರೆ ಸದ್ದು ಇಳಿಸುವ, ಚಡಪಡಿಕೆ ಕಂಡರೆ ಸಿಬ್ಬಂದಿಗೆ ಸೂಚಿಸುವ, ಅಗತ್ಯವಾದರೆ ಒಂದು ನೃತ್ಯವನ್ನೇ ಬಿಟ್ಟುಬಿಡುವ ಅಧಿಕಾರ ಅವರಿಗಿರಲಿ. ಯಾರಾದರೂ ಅಸ್ವಸ್ಥರಾದರೆ ಸಂಗೀತ ನಿಲ್ಲಿಸಿ, ಮಕ್ಕಳು ಮೊದಲೇ ಗೊತ್ತುಮಾಡಿದ ಜಾಗಕ್ಕೆ ಸದ್ದಿಲ್ಲದೆ ಹೋಗಬೇಕು. ನೃತ್ಯ ಮುಗಿದ ಮೇಲಿನ 15–20 ನಿಮಿಷದ ಮಾತುಕತೆಗೆ ಇಬ್ಬಿಬ್ಬರಾಗಿ ಕಳುಹಿಸಿ, ಹಿಂದಿನ ಸಾಲಿನಿಂದಲೇ ಆರಂಭಿಸಿ. ಮುಂದಿನವರಿಗೆ ಹೇಗೂ ಸಿಗುತ್ತದೆ.

ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗುವ ಕಾರ್ಯಕ್ರಮ ಬೇರೆಯದೇ ಕಲೆ. ಅಲ್ಲಿ ಒಬ್ಬಿಬ್ಬರು ನರ್ತಕರು ಸಾಕು. ಐದು ನಿಮಿಷ ಸಾಕು. ಹಾಡುವ ದನಿ ಅಥವಾ ಮೆಲ್ಲನೆಯ ಧ್ವನಿಮುದ್ರಿಕೆ ಸಾಕು. ಬಾಗಿಲಲ್ಲಿ ನಿಂತು ‘ಒಳಗೆ ಬರಬಹುದೇ’ ಎಂದು ಕೇಳಬೇಕು, ಬೇಡವೆಂದರೆ ಮುಖ ಚಿಕ್ಕದು ಮಾಡದೆ ಹೋಗಬೇಕು. ದಿನವೆಲ್ಲ ಸೂಜಿಗೂ ಮಾತ್ರೆಗೂ ಬೇಡವೆನ್ನಲಾಗದ ರೋಗಿಗೆ ಬೇಡವೆನ್ನಬಹುದಾದ ಒಂದು ಸಂಗತಿ ಸಿಗುವುದೂ ಉಡುಗೊರೆಯೇ. ಮಲಗಿದವರಿಗೆ ಕಾಣುವುದು ಹಾಸಿಗೆಯ ಕಾಲ್ದೆಸೆ; ಅಲ್ಲಿ ನಿಂತು, ಕೈಗಳನ್ನು ಎದೆಯಿಂದ ಮೇಲೆ ಇರಿಸಿ ನರ್ತಿಸಿ. ಡ್ರಿಪ್ ಕಂಬ ಮತ್ತು ತಂತಿಗಳಿಂದ ಒಂದು ತೋಳಿನಳತೆ ದೂರವಿರಿ. ಹಾಸಿಗೆಯ ಮೇಲೆ ಕೂರಬೇಡಿ, ವಸ್ತುಗಳನ್ನಿಡಬೇಡಿ. ಒಂದೇ ಬಟ್ಟೆಯ ತುಂಡನ್ನು ಹಾಸಿಗೆಯಿಂದ ಹಾಸಿಗೆಗೆ ಹಂಚಬೇಡಿ.

ಫೋಟೊ, ವಿಡಿಯೊ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು: ಪ್ರೇಕ್ಷಕರ ಮುಖ ಬರುವ ಚಿತ್ರ ಬರಹದ ಒಪ್ಪಿಗೆಯಿಲ್ಲದೆ ಬೇಡ, ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದವರ ಚಿತ್ರ ಬೇಡವೇ ಬೇಡ.

ಬಂದ ಮೇಲೆ, ಮತ್ತು ಮತ್ತೆ ಹೋಗುವುದು

ಹಿಂದಿರುಗಿದ ದಿನವೇ ಮಕ್ಕಳನ್ನು ಹದಿನೈದು ನಿಮಿಷ ಕೂರಿಸಿಕೊಂಡು ಏನು ಕಂಡಿರಿ, ಯಾವುದು ಕಷ್ಟವಾಯಿತು ಎಂದು ಕೇಳಿ. ಮೊದಲಿಗೆ ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. ಸುಮ್ಮನಿದ್ದ ಮಗುವಿನ ಪೋಷಕರಿಗೆ ರಾತ್ರಿ ಒಂದು ಫೋನ್ ಮಾಡಿ. ಸಿಬ್ಬಂದಿಯನ್ನು ಎರಡು ದಿನ ಬಿಟ್ಟು ಕೇಳಿ. ಅಂದು ಸಂಜೆ ನಿವಾಸಿಗಳು ಹೇಗಿದ್ದರು, ಯಾವ ನೃತ್ಯದ ಮಾತು ಬಂತು, ಯಾರಿಗಾದರೂ ದಣಿವಾಯಿತೇ ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಹಬ್ಬಕ್ಕೊಮ್ಮೆ ಹತ್ತು ಕಡೆ ಹೋಗುವುದಕ್ಕಿಂತ ಒಂದೇ ಕಡೆ ಎರಡು ತಿಂಗಳಿಗೊಮ್ಮೆ ಹೋಗುವುದು ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ವಿಶೇಷ ದಿನಗಳಲ್ಲಿ ಆ ಕೇಂದ್ರಗಳಿಗೆ ಕಾರ್ಯಕ್ರಮ ಕೊಡುವವರು ಸಾಲುಗಟ್ಟಿ ಬರುತ್ತಾರೆ, ಉಳಿದ ವಾರಗಳು ಖಾಲಿ. ಎರಡನೆಯ ಭೇಟಿಗೆ ಹೊಸ ಕಾರ್ಯಕ್ರಮ ಬೇಕಿಲ್ಲ. ಹಿಂದಿನ ಒಂದೆರಡು ನೃತ್ಯಗಳನ್ನು ಹಾಗೆಯೇ ಉಳಿಸಿಕೊಳ್ಳಿ, ಕುಳಿತು ಮಾಡುವ ಭಾಗವನ್ನಂತೂ ಬದಲಿಸಲೇಬೇಡಿ. ಹೊರಡುವ ಹಿಂದಿನ ದಿನ ಸಿಬ್ಬಂದಿಗೆ ಫೋನ್ ಮಾಡಿ, ಕಳೆದ ಸಲ ಇದ್ದವರಲ್ಲಿ ಈಗ ಯಾರಾದರೂ ಇಲ್ಲವೇ ಎಂದು ಕೇಳಿ ತಿಳಿದುಕೊಳ್ಳಿ. ಯಾರಾದರೂ ತೀರಿಕೊಂಡಿದ್ದರೆ ಅದನ್ನು ಮಕ್ಕಳಿಗೆ ದಾರಿಯಲ್ಲಿ ಅಥವಾ ಖಾಲಿ ಕುರ್ಚಿಯ ಮುಂದೆ ತಿಳಿಯಲು ಬಿಡದೆ, ನೃತ್ಯಶಾಲೆಯಲ್ಲೇ, ಎಲ್ಲರೂ ಒಟ್ಟಿಗೆ ಕುಳಿತಿರುವಾಗ ನೇರವಾದ ಮಾತಿನಲ್ಲಿ ಹೇಳಿ. ಆ ನಂತರವೂ ಹೋಗಬೇಕೋ ಬೇಡವೋ ಎಂಬುದನ್ನು ಪ್ರತಿ ಮಗುವೂ ತಾನೇ ಹೇಳಲಿ.